ಪದಚರ್ಚೆ: ನೈಸ್ ರಸ್ತೆ ಹೆದ್ದಾರಿಯೋ, ಸುಂಕದ ದಾರಿಯೋ?

ಎಲ್ಲರಿಗೂ ನಮಸ್ಕಾರ.

ದುಡ್ಡು ಕೊಟ್ಟು ಓಡಾಡುವ, ಎಲ್ಲೆಂದರಲ್ಲಿ ಹತ್ತುವುದಕ್ಕೂ ಇಳಿಯುವುದಕ್ಕೂ ಬಿಡದ ರಸ್ತೆಗೆ ಕನ್ನಡದಲ್ಲಿ ಏನಂತ ಬರೆಯೋಣ? ಬೆಂಗಳೂರಿನ ನೈಸ್ ರಸ್ತೆಯನ್ನು ಮನಸ್ಸಲ್ಲಿಟ್ಟುಕೊಂಡು ಕೇಳುತ್ತಿದ್ದೇನೆ. ತಂಗಿಯ ಮಗಳ ಮದುವೆ ಕರೆಯೋಲೆಯ ಹಿಂದೆ ಛತ್ರಕ್ಕೆ ದಾರಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಛತ್ರ ಕನಕಪುರ ರಸ್ತೆಯಲ್ಲಿ, ನೆಂಟರು ಜಾಸ್ತಿ ಬರುವುದು ತುಮಕೂರು ಕಡೆಯಿಂದ. ಊರೊಳಗೆ ನುಗ್ಗದೆ ನೈಸ್ ರಸ್ತೆ ಹಿಡಿದರೆ ಅವರಿಗೆ ಸಲೀಸು.

ಮೊದಲು ಹೊಳೆದದ್ದು 'ಹೆದ್ದಾರಿ'. ಒಳ್ಳೆಯ ಪದ, ಆದರೆ ಇಲ್ಲಿ ಸರಿಹೊಂದಲ್ಲ ಅನ್ನಿಸಿತು. ಹೆದ್ದಾರಿ ಅಂದ ಕೂಡಲೇ ಪಕ್ಕದ ಟೀ ಅಂಗಡಿ, ಪಂಚರ್ ಅಂಗಡಿ, ಬಸ್ ಸ್ಟಾಪು, ಹಳ್ಳಿಯಿಂದ ಬಂದು ಸೇರುವ ಮಣ್ಣುದಾರಿ ಎಲ್ಲಾ ಕಣ್ಮುಂದೆ ಬರುತ್ತವೆ. ತುಮಕೂರು ರಸ್ತೆ, ಹೊಸೂರು ರಸ್ತೆ ಹಾಗಿರುವ ಹೆದ್ದಾರಿಗಳು. ಅವೆರಡನ್ನೂ ಜೋಡಿಸುವ ನೈಸ್ ರಸ್ತೆಯ ಜಾತಿಯೇ ಬೇರೆ. ನಗರದ ಪಶ್ಚಿಮ, ದಕ್ಷಿಣದ ಅಂಚನ್ನು ಬಳಸಿಕೊಂಡು ಸುಮಾರು 41 ಕಿ.ಮೀ. ಹೋಗುತ್ತದೆ. ನಡುವೆ ಮಾಗಡಿ, ಮೈಸೂರು, ಕನಕಪುರ, ಬನ್ನೇರುಘಟ್ಟ ರಸ್ತೆಗಳು ಸಿಗುತ್ತವೆ. ಹತ್ತೋದು, ಇಳಿಯೋದು ಮುಖ್ಯವಾಗಿ ಅಲ್ಲೇ. ಮಧ್ಯದ ಹಳ್ಳಿಯವರಿಗೆ ಹೊಲದ ಪಕ್ಕದಲ್ಲೇ ಹಾದುಹೋದರೂ ಅದು ಅವರು ಕಾಲಿಡುವ ದಾರಿಯಲ್ಲ.

ಪತ್ರಿಕೆಗಳಲ್ಲಿ 'ಪ್ರವೇಶ ನಿಯಂತ್ರಿತ ಹೆದ್ದಾರಿ' ಅಂತ ನೋಡಿದ್ದೇನೆ. ಅರ್ಥ ಸರಿ, ಆದರೆ ಮದುವೆ ಮನೆಯಲ್ಲಿ ಯಾರೂ ಹಾಗೆ ಮಾತಾಡಲ್ಲ. ಬೆಂಗಳೂರು-ಮೈಸೂರು ರಸ್ತೆಗೆ ಬಂದಿರುವ 'ದಶಪಥ' ಕೇಳೋಕೆ ಚೆಂದ. ಆದರೆ ಅದು ಲೇನ್ ಎಣಿಸುತ್ತದೆ ಅಷ್ಟೆ, ಯಾರನ್ನು ಬಿಡುತ್ತಾರೆ ಅಂತ ಹೇಳುವುದಿಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋಗಳನ್ನು ಅಲ್ಲಿ ಮುಖ್ಯ ರಸ್ತೆಗೆ ಬಿಡುತ್ತಿಲ್ಲ, ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಬೈಕಿನವರ ಪಾಲಿಗೆ ಹತ್ತರಲ್ಲಿ ಉಳಿದದ್ದು ನಾಲ್ಕು. ಹೊಸಬರಿಗೆ ಒಂದು ಮಾತು: ಈ ದಶಪಥ ಬೇರೆ, ನೈಸ್ ಬೇರೆ. ನೈಸ್ ರಸ್ತೆ 1997ರ ಒಪ್ಪಂದದ ಬೆಂಗಳೂರು-ಮೈಸೂರು ಕಾರಿಡಾರ್ ಯೋಜನೆಯ ತುಂಡು. ಮೈಸೂರಿನವರೆಗೆ ಪ್ರತ್ಯೇಕ ಎಕ್ಸ್‌ಪ್ರೆಸ್‌ವೇ, ದಾರಿಯುದ್ದಕ್ಕೂ ಐದು ಟೌನ್‌ಶಿಪ್ ಅಂತ ಅದರಲ್ಲಿತ್ತು. ಜನಕ್ಕೆ ನಿತ್ಯದ ಬಳಕೆಗೆ ಸಿಕ್ಕಿದ್ದು ಬೆಂಗಳೂರಿನ ಸುತ್ತಲಿನ ಭಾಗ. ಹೆಸರೂ ಹಾಗೇ ಉಳಿಯಿತು, ಕಟ್ಟಿದ ಕಂಪನಿಯ (ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್) ಇಂಗ್ಲಿಷ್ ಮೊದಲಕ್ಷರಗಳೇ ರಸ್ತೆಯ ಹೆಸರಾಯಿತು. ಹಿಟ್ಟನ್ನು ನೈಸಾಗಿ ರುಬ್ಬುವ ನಾಡಿನಲ್ಲಿ ಆ ಹೆಸರಿಗೆ ಯಾರೂ ತಕರಾರು ತೆಗೆಯಲಿಲ್ಲ.

ಇನ್ನು ದುಡ್ಡಿನ ಮಾತು. 'ಟೋಲ್ ಶುಲ್ಕ' ಅಂತ ಎಲ್ಲ ಕಡೆ ಬರೆಯುತ್ತಾರೆ. ಟೋಲ್ ಅಂದರೇ ಸುಂಕ, ಸುಂಕ ಅನ್ನೋದು ಶುಲ್ಕದ ತದ್ಭವ. ಒಂದೇ ಮಾತನ್ನು ಎರಡು ಸಲ ಹೇಳಿದಂತಾಯಿತು. ಕಸ್ಟಮ್ಸಿಗೆ 'ಸೀಮಾ ಸುಂಕ', ಶಾಲೆಗೆ, ಪರೀಕ್ಷೆಗೆ 'ಶುಲ್ಕ' ಅಂತ ಇವತ್ತು ಹಂಚಿಕೊಂಡಿದ್ದೇವೆ, ಅದು ಸರಿ. ದಾರಿಯಲ್ಲಿ ತಡೆದು ವಸೂಲಿ ಮಾಡುವುದು ಮಾತ್ರ ಹಳೇ ಕಾಲದಿಂದಲೂ ಸುಂಕವೇ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ 'ಪೆರ್ಜುಂಕ' ಬರುತ್ತದೆ. ದೊಡ್ಡ ಸುಂಕ, ಮುಂದೆ ಹೆಜ್ಜುಂಕ. ಹಿರಿದು ದಾರಿ ಹೆದ್ದಾರಿ ಆದ ಹಾಗೇ. ಹೆದ್ದಾರಿಗೆ ಹೆಜ್ಜುಂಕ! ಯಾವುದಾದರೂ ಪತ್ರಿಕೆ ತಲೆಬರಹಕ್ಕೆ ಇಟ್ಟರೆ ನಾನಂತೂ ಖುಷಿಪಡುತ್ತೇನೆ.

ಕಟ್ಟುವ ಜಾಗಕ್ಕೂ ಪದ ಬೇಕಲ್ಲ. 'ಸುಂಕದಕಟ್ಟೆ'ಗಿಂತ ಒಳ್ಳೆಯದು ಸಿಗಲ್ಲ. ತೊಂದರೆ ಏನಂದರೆ ಆ ಹೆಸರನ್ನು ಊರುಗಳು ಆಗಲೇ ತೆಗೆದುಕೊಂಡುಬಿಟ್ಟಿವೆ. ಮಂಗಳೂರಿನ ಬಜಪೆ ಹತ್ತಿರ ಒಂದಿದೆ, ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಇನ್ನೊಂದು. ಮಾಗಡಿ ರಸ್ತೆಯನ್ನೇ ನೋಡಿ. ಮೆಜೆಸ್ಟಿಕ್ ಕಡೆಯಿಂದ ಹೊರಟರೆ ವಿಜಯನಗರದ ಹತ್ತಿರ 'ಟೋಲ್‌ಗೇಟ್' ಸ್ಟಾಪು. ಅಲ್ಲಿ ಈಗ ಗೇಟೂ ಇಲ್ಲ, ಟೋಲೂ ಇಲ್ಲ. ಮುಂದೆ ಸುಂಕದಕಟ್ಟೆ, ಅಲ್ಲೂ ಸುಂಕ ಇಲ್ಲ. ಇನ್ನೂ ಮುಂದೆ ಹೋದರೆ ನೈಸ್ ರಸ್ತೆ, ಅಲ್ಲಿ ನಿಜವಾಗಿ ಕಟ್ಟಬೇಕು. ಅಲ್ಲಿನ ಹೆಸರು 'ಟೋಲ್ ಪ್ಲಾಜಾ'. ಊರು ಬೆಳೆದ ಹಾಗೆ ವಸೂಲಿಯೂ ಹೊರಗೆ ಸರಿದಿದೆ, ಹೆಸರುಗಳು ಮಾತ್ರ ಹಳೇ ಜಾಗ ಬಿಟ್ಟಿಲ್ಲ. ನಾನು ಕರೆಯೋಲೆಯಲ್ಲಿ 'ಸುಂಕದಕಟ್ಟೆ ದಾಟಿ ಎಡಕ್ಕೆ' ಅಂತ ಬರೆದರೆ ಅರ್ಧ ನೆಂಟರು ಆ ಬಡಾವಣೆಯಲ್ಲೇ ಸುತ್ತುತ್ತಿರುತ್ತಾರೆ.

ಕ್ರಿಯಾಪದಗಳಲ್ಲಿ ನಮ್ಮ ಜನ ಎಷ್ಟೋ ಮುಂದಿದ್ದಾರೆ. 'ತುಮಕೂರು ರೋಡಲ್ಲಿ ನೈಸ್ ಹತ್ತಿ, ಕನಕಪುರ ರೋಡಲ್ಲಿ ಇಳೀರಿ' ಅಂತಾರೆ. ಬಸ್ಸು ಹತ್ತಿ ಇಳಿದ ಹಾಗೆ ರಸ್ತೆಯನ್ನೇ ಹತ್ತಿ ಇಳಿಯುತ್ತಾರೆ. ಮಾಮೂಲಿ ರಸ್ತೆಗೆ 'ಹಿಡಿ', 'ಸೇರು', 'ತಿರುಗು' ಸಾಕು. ಇದಕ್ಕೆ ಹತ್ತು, ಇಳಿ ಬೇಕಾಯಿತು. ಬಾಗಿಲಿರುವ ರಸ್ತೆ ಅನ್ನೋದನ್ನು ಕಚೇರಿಯ ಕನ್ನಡಕ್ಕಿಂತ ಚೆನ್ನಾಗಿ ಹೇಳುವ ಮಾತಿದು, ಅಲ್ವಾ? ಬೋರ್ಡಿನ 'ಪ್ರವೇಶ', 'ನಿರ್ಗಮನ'ಗಳ ಜಾಗದಲ್ಲಿ 'ಹತ್ತುದಾರಿ', 'ಇಳಿದಾರಿ' ಬಂದರೆ ಹೇಗೆ? ನನ್ನ ಕಿವಿಗೆ ಎರಡೂ ಹೊಂದುತ್ತವೆ. ಮೇಲ್ಸೇತುವೆ, ಕೆಳಸೇತುವೆಗಳೂ ಹೀಗೇ ಹುಟ್ಟಿ ನಿಂತವು.

ಇನ್ನೊಂದು ಗಮನಿಸಿದ್ದೀರಾ? ಮೊದಲು 'ಟೋಲ್ ಕಟ್ಟಿದೆ' ಅನ್ನುತ್ತಿದ್ದೆವು. ಫಾಸ್ಟ್ಯಾಗ್ ಬಂದ ಮೇಲೆ 'ಟೋಲ್ ಕಟ್ಟಾಯ್ತು' ಅನ್ನುತ್ತೇವೆ. ಕಟ್ಟಿದ್ದು ಆಯ್ತು ಅಂತಲ್ಲ, ಖಾತೆಯಿಂದ ಕಟ್ ಆಯ್ತು ಅಂತ. ಕಟ್ಟುವವನು ವಾಕ್ಯದಿಂದಲೇ ಮಾಯ. ಫೋನಿಗೆ ಮೆಸೇಜ್ ಬಂದಾಗಲೇ ಗೊತ್ತಾಗೋದು. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವ ಗಾದೆಗೆ ಈಗ ಸುಂಕದವನೇ ಇಲ್ಲ, ಹೇಳಿಕೊಂಡರೆ ಕ್ಯಾಮೆರಾಗೇ ಹೇಳಿಕೊಳ್ಳಬೇಕು.

ದಾರಿ ಬರೆಯುವಾಗ ಈ ರಸ್ತೆ ಹಾದುಹೋಗುವ ಊರಂಚಿನ ಜಾಗಗಳಿಗೂ ಒಂದು ಪದ ಬೇಕು. 'ಉಪನಗರ' ಅನ್ನೋಣ ಅಂದರೆ ಅದೂ ಕೈಕೊಡುತ್ತದೆ. ಕೆಂಗೇರಿ ಉಪನಗರ, ಯಲಹಂಕ ಉಪನಗರ ಅಂತ ಬಸ್ಸಿನ ಬೋರ್ಡಲ್ಲೇ ಇರುವುದರಿಂದ, ಬೆಂಗಳೂರಿನವರಿಗೆ ಅದು ಯೋಜನೆ ಹಾಕಿ ಕಟ್ಟಿದ ಬಡಾವಣೆಯ ಹೆಸರು. ತಲಘಟ್ಟಪುರ, ಅಂಜನಾಪುರ, ಗೊಟ್ಟಿಗೆರೆಯಂಥ, ಹಳ್ಳಿಯಾಗಿದ್ದು ಊರಿಗೆ ಸೇರಿಹೋದ ಜಾಗಗಳನ್ನು ಉಪನಗರ ಅನ್ನೋಕೆ ಬಾಯಿ ಬರಲ್ಲ. 'ಹೊರವಲಯ' ಅಂದರೆ ಬರೀ ಗೆರೆ ಎಳೆದಂತಿರುತ್ತದೆ, ಮನೆ-ಮಠ ಕಾಣಿಸಲ್ಲ.

ಸದ್ಯಕ್ಕೆ ರಸ್ತೆಗೆ 'ಸುಂಕದ ದಾರಿ', ಕಟ್ಟುವ ಜಾಗಕ್ಕೆ 'ಟೋಲ್' ಅಂತ ಬರೆದಿಟ್ಟಿದ್ದೇನೆ. ಎರಡನೆಯದಕ್ಕೆ ಬದಲಿ ಬೇಕು. ಧಾರವಾಡದಲ್ಲಿ 'ಟೋಲ್ ನಾಕಾ' ಅಂತ ಬಸ್ ನಿಲ್ದಾಣವೇ ಇದೆ. ಆ ಕಡೆಯವರು ದಯವಿಟ್ಟು ತಿಳಿಸಿ: ಊರ ಹೊರಗೆ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ದುಡ್ಡು ಕಟ್ಟುವ ಜಾಗಕ್ಕೂ ನಾಕಾ ಅಂತಲೇ ಅಂತೀರಾ, ಇಲ್ಲಾ ಅಲ್ಲೂ ಪ್ಲಾಜಾ ಬಂದುಬಿಟ್ಟಿದೆಯಾ?