ಟೈಮರ್ ಇಟ್ಟು ಡ್ರಿಪ್‌ಗೆ ನೀರು: ಸೊಲೆನಾಯ್ಡ್ ವಾಲ್ವಾ, ಮೋಟಾರ್ ವಾಲ್ವಾ?

ಸೇಡಂನಿಂದ ಪ್ರಶ್ನೆ: ಬೋರ್ ನೀರು ಟ್ಯಾಂಕಿಗೆ ತುಂಬುತ್ತೇವೆ. ಅಲ್ಲಿಂದ ಪಂಪ್ ಇಲ್ಲದೆ ನಿಂಬೆ ಗಿಡಗಳಿಗೆ ಡ್ರಿಪ್. ವಾಲ್ವ್ ತಿರುಗಿಸೋಕೆ ರಾತ್ರಿ ಎದ್ದು ಹೋಗೋದು ಸಾಕಾಗಿದೆ. ಟೈಮರ್ ಹಾಕಬೇಕು ಅಂತಿದ್ದೇನೆ. ಸೊಲೆನಾಯ್ಡ್ ತಗೊಳ್ಳಲಾ, ಮೋಟಾರ್ ಇರೋ ಬಾಲ್ ವಾಲ್ವ್ ತಗೊಳ್ಳಲಾ? ಕರೆಂಟ್ ಅಂತೂ ನಂಬೋ ಹಾಗಿಲ್ಲ.

ಚಿತ್ತಾಪುರದಿಂದ: ಅಣ್ಣಾ, ನಾನು ಸಿಮೆಂಟ್ ಫ್ಯಾಕ್ಟರಿಯಲ್ಲಿ ಇನ್‌ಸ್ಟ್ರುಮೆಂಟ್ ಕೆಲಸದವನು. ನೀರು ತಡೆಯೋದು ವಾಲ್ವ್, ಅದನ್ನು ಆಡಿಸೋದು ಆಕ್ಚುಯೇಟರ್. ಸೊಲೆನಾಯ್ಡ್‌ನಲ್ಲಿ ಕಾಯಿಲ್‌ಗೆ, ಅಂದರೆ ತಂತಿ ಸುರುಳಿಗೆ, ಕರೆಂಟ್ ಬಂದರೆ ಅದು ಅಯಸ್ಕಾಂತವಾಗಿ ಒಳಗಿನ ಕಬ್ಬಿಣದ ಕಡ್ಡಿಯನ್ನು ಎಳೆಯುತ್ತದೆ, ತಕ್ಷಣ ತೆರೆಯುತ್ತದೆ, ಕರೆಂಟ್ ಹೋದರೆ ಸ್ಪ್ರಿಂಗ್ ತಾನೇ ಮುಚ್ಚುತ್ತದೆ. ತೆರೆದಿರುವಷ್ಟು ಹೊತ್ತೂ ಕರೆಂಟ್ ಬೇಕು. ಮೋಟಾರಿನದು ಗೇರ್ ಮೂಲಕ ವಾಲ್ವ್ ಒಳಗಿನ ತೂತಿರುವ ಚೆಂಡನ್ನು 90 ಡಿಗ್ರಿ ತಿರುಗಿಸುತ್ತದೆ. ಕೆಲವು ಸೆಕೆಂಡ್ ಹಿಡಿಯುತ್ತದೆ, ಆಮೇಲೆ ಕರೆಂಟ್ ಬೇಡ, ಆದರೆ ನಡುವೆ ಕರೆಂಟ್ ಹೋದರೆ ಇದ್ದಲ್ಲೇ ನಿಲ್ಲುತ್ತದೆ. ಅಂದರೆ ತೆರೆದಿದ್ದಾಗ ಹೋದರೆ ಟ್ಯಾಂಕ್ ಖಾಲಿ. ನಮ್ಮಲ್ಲಿ ಯಾವ ವಾಲ್ವ್ ಹಾಕಿದರೂ ಮೊದಲು ಕೇಳೋದು ಇದನ್ನೇ: ಶಕ್ತಿ ಹೋದಾಗ ಇದು ತೆರೆದಿರಬೇಕಾ, ಮುಚ್ಚಿರಬೇಕಾ? ಫ್ಯಾಕ್ಟರಿಯಲ್ಲಿ ಹೆಚ್ಚಿನವು ಕಂಪ್ರೆಸರ್ ಗಾಳಿಯ ಒತ್ತಡದಿಂದ ಆಡುವವೇ. ಹೊಲಕ್ಕೆ ಕಂಪ್ರೆಸರ್ ಎಲ್ಲಿಂದ ತರ್ತೀರಿ, ಅದನ್ನು ಬಿಡಿ.

ಆಳಂದದಿಂದ: ಮೇಲಿನವರು ನೀರಿನ ಒತ್ತಡದ ಮಾತು ಎತ್ತಲೇ ಇಲ್ಲ. ಡ್ರಿಪ್‌ಗೆ ಮಾರುವ ಸೊಲೆನಾಯ್ಡ್‌ಗಳಲ್ಲಿ ಕಾಯಿಲ್ ತೆರೆಯೋದು ಒಂದು ಸಣ್ಣ ತೂತು ಮಾತ್ರ, ನೀರು ತಡೆಯುವ ರಬ್ಬರ್ ಪೊರೆಯನ್ನು ಎತ್ತೋದು ನೀರಿನ ಒತ್ತಡವೇ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ನಿಮ್ಮ ಟ್ಯಾಂಕ್ 3 ಮೀಟರ್ ಎತ್ತರದಲ್ಲಿದ್ದರೆ 0.3 ಬಾರ್ ಸಿಗುತ್ತದೆ. ಬಹಳಷ್ಟು ವಾಲ್ವ್‌ಗಳಿಗೆ ಅದು ಸಾಲದು, ಅರ್ಧಂಬರ್ಧ ತೆರೆದು ಗುಂಯ್ ಅಂತಿರುತ್ತವೆ. ತಗೊಳ್ಳೋದೇ ಆದರೆ ಸೊನ್ನೆ ಬಾರ್‌ನಿಂದ ಕೆಲಸ ಮಾಡುತ್ತದೆ ಅಂತ ಬರೆದಿರೋದನ್ನೇ ಕೇಳಿ. ಅಂಗಡಿಯವರು ಸುಮ್ನೆ 'ನಡೀತದ ತಗೋರಿ' ಅಂತಾರೆ, ನಂಬಬೇಡಿ. ನನ್ನ ಕೇಳಿದರೆ ನಿಮಗೆ ಮೋಟಾರಿನದೇ ಸರಿ. ಒಳಗೆ ಸ್ವಲ್ಪ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಇಟ್ಟು, ಕರೆಂಟ್ ಹೋದ ಮೇಲೂ ತಾನೇ ಮುಚ್ಚಿಕೊಳ್ಳುವ ನಮೂನೆ ಸಿಗುತ್ತದೆ, ರೊಕ್ಕ ಸ್ವಲ್ಪ ಜಾಸ್ತಿ. ಇಲ್ಲಾಂದ್ರೆ 12 ವೋಲ್ಟಿನದು ತಂದು ಬ್ಯಾಟರಿಗೆ ಕೊಡಿ, ಟೈಮರನ್ನೂ ಅದಕ್ಕೇ.

ಶಹಾಬಾದ್‌ನಿಂದ: ಬ್ಯಾಟರಿ ಮಾತಿಗೆ ನನ್ನದೂ ಹೌದು. ಆದರೆ ನಮ್ಮ ಕಡೆ ನೆಲವೇ ಸುಣ್ಣದ ಕಲ್ಲು, ಬೋರ್ ನೀರು ಗಡಸು. ಬಾಲ್ ವಾಲ್ವನ್ನು ಮಳೆಗಾಲ ಪೂರ್ತಿ ಆಡಿಸದೆ ಬಿಟ್ಟರೆ ಚೆಂಡಿನ ಸುತ್ತ ಬಿಳಿ ಪದರ ಕಟ್ಟಿ ಬಿಗಿಯಾಗುತ್ತದೆ, ಸಣ್ಣ ಮೋಟಾರಿಗೆ ಅದನ್ನು ತಿರುಗಿಸೋ ಬಲ ಇರಲ್ಲ, ಗೇರ್ ಹಲ್ಲು ಹೋಗುತ್ತದೆ. ನೀರು ಬೇಕಿಲ್ಲದಿದ್ದರೂ ವಾರಕ್ಕೊಮ್ಮೆ ತೆರೆದು ಮುಚ್ಚಿ. ವಾಲ್ವಿಗೆ ಮುಂಚೆ ಫಿಲ್ಟರ್ ಇರಲಿ. ಪಕ್ಕದಲ್ಲಿ ಕೈಯಿಂದ ತಿರುಗಿಸೋ ವಾಲ್ವ್ ಹಾಕಿ ಒಂದು ಬೈಪಾಸ್ ಲೈನ್ ಕೊಡಿ, ರಿಪೇರಿ ದಿನ ಗಿಡ ಒಣಗಲ್ಲ.