ಹಳೇ ಎಚ್61 ಬೋರ್ಡಿಗೆ ಐ5 ಹಾಕಿಸಬೇಕಾ ಬೇಡವಾ? (ತಾಳಮದ್ದಳೆ ವಿಡಿಯೋ ಕೆಲಸಕ್ಕೆ)

ಮಳೆಕಾಡು, ಹೊಸನಗರ ತಾಲೂಕು:

ಎಲ್ಲರಿಗೂ ನಮಸ್ಕಾರ. ಮನೆಯ ಕಂಪ್ಯೂಟರಿನ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬರಬೇಕು, ಗೊತ್ತಿದ್ದವರು ಹೇಳಿ.

ನಮ್ಮ ಕಡೆ ಮಳೆಗಾಲದಲ್ಲಿ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ತಾಳಮದ್ದಳೆ ನಡೀತದೆ. ಅದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ, ಧ್ವನಿ ಸರಿಮಾಡಿ, ಪ್ರಸಂಗದ ಹೆಸರು, ಭಾಗವತರ ಮತ್ತು ಅರ್ಥಧಾರಿಗಳ ಹೆಸರು ಹಾಕಿ ವಿಡಿಯೋ ಮಾಡಿಡ್ತೇನೆ. ಹಿರಿಯ ಅರ್ಥಧಾರಿಗಳ ಮಾತು ಇನ್ನು ಎಷ್ಟು ವರ್ಷ ಕೇಳಲಿಕ್ಕೆ ಸಿಗ್ತದೋ, ಹಾಗಾಗಿ ಈ ಕೆಲಸ ನಿಲ್ಲಿಸುವ ಮನಸ್ಸಿಲ್ಲ.

ಕಂಪ್ಯೂಟರ್ 2012ರಲ್ಲಿ ಜೋಡಿಸಿದ್ದು. ಎಚ್61 ಮದರ್‌ಬೋರ್ಡ್, ಪೆಂಟಿಯಂ ಜಿ630 ಪ್ರೊಸೆಸರ್, 4 ಜಿಬಿ ರ‍್ಯಾಮ್ (ಒಂದೇ ಕಡ್ಡಿ), 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಎಡಿಟ್ ಮಾಡೋದು ಶಾಟ್‌ಕಟ್‌ನಲ್ಲಿ. ಆನ್ ಮಾಡಿ ಐದಾರು ನಿಮಿಷ ಕಾದ ಮೇಲೇ ಕೆಲಸಕ್ಕೆ ಬರ್ತದೆ. ಎಡಿಟ್ ಮಾಡುವಾಗ ವಿಡಿಯೋ ತುಂಡು ತುಂಡಾಗಿ ಓಡ್ತದೆ. ಒಂದು ಗಂಟೆಯ 1080ಪಿ ವಿಡಿಯೋ ಎಕ್ಸ್‌ಪೋರ್ಟ್ ಆಗಲಿಕ್ಕೆ ನಾಲ್ಕು ಗಂಟೆಗೂ ಮೇಲೆ ಬೇಕು, ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ.

ಪೇಟೆಯ ಅಂಗಡಿಯಲ್ಲಿ ಕೇಳಿದ್ದಕ್ಕೆ, ಪ್ರೊಸೆಸರ್ ಹಳೇದಾಯ್ತು, ಸೆಕೆಂಡ್ ಹ್ಯಾಂಡ್ ಐ5 ಹಾಕಿಸಿ, ಎಲ್ಲ ಸರಿಯಾಗ್ತದೆ ಅಂದರು. ಎರಡೂವರೆ ಸಾವಿರ ಹೇಳಿದ್ದಾರೆ. ಹಾಕಿಸಬಹುದಾ?

ಅಡಿಕೆಸೋಗೆ, ಸಾಗರ:

ನನ್ನ ಕೇಳಿದರೆ ಬೇಡ ಮಾರಾಯ್ರೆ. ಅಷ್ಟು ಹಳೇ ಬೋರ್ಡಿಗೆ ದುಡ್ಡು ಹಾಕಬೇಡಿ. ಎಂಟನೇ ತಲೆಮಾರಿನ ಐ5 ಇರುವ, ಆಫೀಸುಗಳಿಂದ ಹೊರಬಂದ ಸಣ್ಣ ಡೆಸ್ಕ್‌ಟಾಪ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗ್ತವೆ. ವಿಂಡೋಸ್ 11 ಕೂಡ ನಡೀತದೆ. ನಿಮ್ಮದಕ್ಕೆ ಐ5 ಹಾಕಿದರೂ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪೋದಿಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗೀತು.

ಬೆಸುಗೆಕಡ್ಡಿ, ಶಿವಮೊಗ್ಗ:

ಸಾಗರದವರು ಹೇಳಿದ್ದು ಸರಿಯಾದ ಮಾತೇ, ಆದರೆ ಅದಕ್ಕೆ ಬೇಕಾಗುವ ದುಡ್ಡು ಈ ಎರಡೂವರೆ ಸಾವಿರದ ಎಷ್ಟೋ ಪಟ್ಟು. ಅಲ್ಲಿಗೆ ಹೋಗುವ ಮೊದಲು ಇರೋದನ್ನು ಸರಿಯಾಗಿ ನೋಡೋಣ.

ಸರ್, ನೀವು ಹೇಳಿದ್ದು ಮೂರು ತೊಂದರೆ. ಅಂಗಡಿಯವರು ಮೂರಕ್ಕೂ ಒಂದೇ ಔಷಧಿ ಕೊಟ್ಟಿದ್ದಾರೆ. ಆನ್ ಆಗೋದು ನಿಧಾನ ಆಗಿರೋದಕ್ಕೆ ಹೆಚ್ಚಾಗಿ ಹಾರ್ಡ್ ಡಿಸ್ಕ್ ಕಾರಣ. ವಿಡಿಯೋ ತುಂಡಾಗಿ ಓಡೋದಕ್ಕೆ ಮೊಬೈಲಿನ ರೆಕಾರ್ಡಿಂಗ್ ಫಾರ್ಮ್ಯಾಟ್ ಕಾರಣ ಇರಬಹುದು. ಎಕ್ಸ್‌ಪೋರ್ಟ್ ಒಂದೇ ನಿಜವಾಗಿ ಪ್ರೊಸೆಸರಿನ ಕೆಲಸ. ಅದರಲ್ಲೂ ಒಂದು ಗಂಟೆ ವಿಡಿಯೋಗೆ ನಾಲ್ಕು ಗಂಟೆ ಅಂದರೆ ಜಿ630ಗೂ ಜಾಸ್ತಿಯೇ, ಏನೋ ತಡೀತಾ ಇದೆ.

ಇಷ್ಟು ನೋಡಿ ಹೇಳಿ. ಆನ್ ಆದ ಕೂಡಲೇ ಟಾಸ್ಕ್ ಮ್ಯಾನೇಜರ್ ತೆಗೆದು ಡಿಸ್ಕ್ ಎಷ್ಟು ಶೇಕಡಾ, ಸಿಪಿಯು ಎಷ್ಟು, ಮೆಮೊರಿ ಎಷ್ಟು. ಎಕ್ಸ್‌ಪೋರ್ಟ್ ಶುರುವಾಗಿ ಒಂದು ಹತ್ತು ಹದಿನೈದು ನಿಮಿಷ ಬಿಟ್ಟು ಅದೇ ಮೂರು, ಜೊತೆಗೆ ಸಿಪಿಯು ವೇಗ ಎಷ್ಟು ಗಿಗಾಹರ್ಟ್ಸ್ ತೋರಿಸುತ್ತೆ ಅನ್ನೋದು. ಕೋರ್ ಟೆಂಪ್ ಅನ್ನೋ ತಂತ್ರಾಂಶ ಹಾಕಿ ಬಿಸಿ ಎಷ್ಟು ಡಿಗ್ರಿ ನೋಡಿ. ಸಿಪಿಯು-ಝಡ್ ಹಾಕಿದರೆ ಬೋರ್ಡಿನ ಮಾದರಿ, ಬಯೋಸ್ (ಆನ್ ಆದ ಕೂಡಲೇ ಬೋರ್ಡನ್ನು ಎಬ್ಬಿಸುವ, ಅದರೊಳಗೇ ಇರುವ ತಂತ್ರಾಂಶ) ಆವೃತ್ತಿ ಎರಡೂ ಗೊತ್ತಾಗುತ್ತೆ. ಕಂಪ್ಯೂಟರ್ ಎಲ್ಲಿ ಇಟ್ಟಿದ್ದೀರಿ ಅನ್ನೋದನ್ನೂ ಹೇಳಿ.

ಮಳೆಕಾಡು, ಹೊಸನಗರ ತಾಲೂಕು:

ನೋಡಿದೆ ಸರ್. ಆನ್ ಆದ ಮೇಲೆ ಡಿಸ್ಕ್ 100ರಲ್ಲೇ ನಿಂತಿರ್ತದೆ, ಸಿಪಿಯು 30 ದಾಟೋದಿಲ್ಲ, ಮೆಮೊರಿ 80ರ ಮೇಲೆ. ಎಕ್ಸ್‌ಪೋರ್ಟ್ ಮಾಡುವಾಗ ಉಲ್ಟಾ, ಸಿಪಿಯು 100, ಡಿಸ್ಕ್ ಸುಮ್ಮನೆ ಕೂತಿರ್ತದೆ. ವೇಗ ಮೊದಲು 2.7 ಇದ್ದದ್ದು ಸ್ವಲ್ಪ ಹೊತ್ತಿಗೆ 1.6ಕ್ಕೆ ಇಳೀತದೆ, ಮತ್ತೆ ಏರ್ತದೆ, ಮತ್ತೆ ಇಳೀತದೆ. ಬಿಸಿ 95ರ ಆಸುಪಾಸು.

ಕಂಪ್ಯೂಟರ್ ಇರೋದು ಜಗುಲಿಯಲ್ಲಿ. ಅಡಿಕೆ ಸುಲಿಯುವ ಯಂತ್ರ ಅಂಗಳದಲ್ಲಿ ಓಡುವಾಗ ದೂಳು ಬರ್ತದೆ, ಅದು ಹೌದು. ಮೊಬೈಲಲ್ಲಿ ನೋಡಿದರೆ ವಿಡಿಯೋ ಎಚ್.265 ಅಂತ ಇದೆ.

ಬೆಸುಗೆಕಡ್ಡಿ, ಶಿವಮೊಗ್ಗ:

ಸಿಕ್ಕಿತು. ನಿಮ್ಮ ಪ್ರೊಸೆಸರ್ ಪೂರ್ತಿ ಓಡ್ತಾನೇ ಇಲ್ಲ ಸರ್. ಬಿಸಿ ಮಿತಿ ಮುಟ್ಟಿದಾಗ ಸುಟ್ಟುಹೋಗಬಾರದು ಅಂತ ಅದೇ ತನ್ನ ವೇಗ ಇಳಿಸಿಕೊಳ್ಳುತ್ತೆ. ಈ ಸ್ಥಿತಿಯಲ್ಲಿ ಐ5 ಹಾಕಿಸಿದ್ದರೆ ಅದಕ್ಕೂ ಇದೇ ಗತಿ, ಇನ್ನೂ ಬೇಗ. ಜಿ630 65 ವ್ಯಾಟಿನದು, ಐ5-3470 77 ವ್ಯಾಟ್, ಐ5-2400 ಆದರೆ 95.

ಮೊದಲು ಪೆಟ್ಟಿಗೆ ಬಿಚ್ಚಿ. ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ, ಕಬ್ಬಿಣದ ಚೌಕಟ್ಟು ಮುಟ್ಟಿ ಆಮೇಲೆ ಒಳಗೆ ಕೈ ಹಾಕಿ. ಫ್ಯಾನಿನ ಕೆಳಗಿರುವ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ದೂಳು ಕಂಬಳಿಯ ಹಾಗೆ ಕೂತಿರುತ್ತೆ. ನಮ್ಮ ಕಡೆ ಅಡಿಕೆ ಸಿಪ್ಪೆಯ ನಾರಿನ ದೂಳು ಮಳೆಗಾಲದ ಶೀತಕ್ಕೆ ಸೇರಿ ಗಟ್ಟಿಯಾಗಿಬಿಡುತ್ತೆ, ಊದಿದರೆ ಹೋಗಲ್ಲ. ಪೇಂಟ್ ಬ್ರಷ್ಷಿನಿಂದ ಒಣಗಿದ್ದಾಗಲೇ ತೆಗೀರಿ. ಬ್ಲೋವರ್ ಹಿಡಿಯೋದಾದರೆ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ತಡೆದುಕೊಳ್ಳಿ.

ಆಮೇಲೆ ಕೂಲರಿನ ನಾಲ್ಕು ಮೂಲೆಯ ಪ್ಲಾಸ್ಟಿಕ್ ಪಿನ್ ನೋಡಿ. ಇಂಟೆಲ್ ಜೊತೆಗೆ ಬರುವ ಕೂಲರಲ್ಲಿ ಒಂದು ಪಿನ್ ಎದ್ದಿರೋದು ತುಂಬಾ ಸಾಮಾನ್ಯ. ಒಂದು ಎದ್ದರೆ ಕೂಲರ್ ಓರೆಯಾಗಿ, ಪ್ರೊಸೆಸರಿಗೆ ಸರಿಯಾಗಿ ತಾಗಲ್ಲ. ಕೂಲರ್ ತೆಗೆದು, ಪ್ರೊಸೆಸರಿನ ಬಿಸಿ ಕೂಲರಿಗೆ ದಾಟಿಸುವ ಹಳೇ ಥರ್ಮಲ್ ಪೇಸ್ಟ್ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಅಷ್ಟು ವರ್ಷದ ಪೇಸ್ಟ್ ಒಣಗಿ ಸುಣ್ಣದ ಪುಡಿ ಆಗಿರುತ್ತೆ. ಹೊಸದು ನಡುವೆ ಬಟಾಣಿಗಿಂತ ಸಣ್ಣದಾಗಿ ಇಟ್ಟರೆ ಸಾಕು. ಪಿನ್ ಕೂರಿಸುವಾಗ ಎದುರುಬದುರು ಮೂಲೆ ಜೋಡಿ ಜೋಡಿಯಾಗಿ ಒತ್ತಿ, ಕಟಕ್ ಅನ್ನಬೇಕು. ಬೋರ್ಡಿನ ಹಿಂಬದಿಯಲ್ಲಿ ನಾಲ್ಕೂ ಪಿನ್ನಿನ ತುದಿ ಪೂರ್ತಿ ಹೊರಗೆ ಬಂದಿದೆಯಾ ನೋಡಿ.

ಮೊಬೈಲಿನ ವಿಷಯ: ಕ್ಯಾಮೆರಾ ಸೆಟ್ಟಿಂಗಿನಲ್ಲಿ ಎಚ್.265 ಬಿಟ್ಟು ಎಚ್.264 ಇಡಿ. ಎರಡೂ ವಿಡಿಯೋವನ್ನು ಕುಗ್ಗಿಸಿಡುವ ವಿಧಾನಗಳು. ಎಚ್.265 ಬಿಡಿಸುವ ಯಂತ್ರಾಂಶ ಇಂಟೆಲ್ ಪ್ರೊಸೆಸರುಗಳಿಗೆ ಪೂರ್ತಿಯಾಗಿ ಬಂದದ್ದು ಆರನೇ ತಲೆಮಾರಿನಲ್ಲಿ, 2015ರಲ್ಲಿ. ನಿಮ್ಮ ಪೆಂಟಿಯಂಗೂ ಇಲ್ಲ, ಈ ಬೋರ್ಡಿಗೆ ಕೂರುವ ಯಾವ ಐ5, ಐ7ಗೂ ಇಲ್ಲ. ಎಲ್ಲ ಭಾರ ಪ್ರೊಸೆಸರಿನ ಕೋರುಗಳ (ಲೆಕ್ಕ ಮಾಡುವ ಘಟಕಗಳ) ಮೇಲೇ ಬೀಳುತ್ತೆ. ಈಗಾಗಲೇ ರೆಕಾರ್ಡ್ ಆದ ವಿಡಿಯೋಗಳಿಗೆ ಶಾಟ್‌ಕಟ್‌ನಲ್ಲಿ ಪ್ರಾಕ್ಸಿ ಆನ್ ಮಾಡಿ. ಅದು ಸಣ್ಣ ನಕಲು ಮಾಡಿಕೊಂಡು ಎಡಿಟ್ ಮಾಡಲು ಅದನ್ನು ತೋರಿಸುತ್ತೆ, ಎಕ್ಸ್‌ಪೋರ್ಟಿಗೆ ಮೂಲ ವಿಡಿಯೋವನ್ನೇ ತಗೊಳ್ಳುತ್ತೆ.

ಮಳೆಕಾಡು, ಹೊಸನಗರ ತಾಲೂಕು:

ಮಾಡಿದೆ ಸರ್, ತುಂಬಾ ಉಪಕಾರ ಆಯ್ತು. ಪಿನ್ ಒಂದು ಎದ್ದೇ ಇತ್ತು. ಪೇಸ್ಟ್ ನೀವು ಹೇಳಿದ ಹಾಗೇ ಪುಡಿ. ಈಗ ಎಕ್ಸ್‌ಪೋರ್ಟ್ ಮಾಡುವಾಗ ಬಿಸಿ 65 ಆಸುಪಾಸಿನಲ್ಲಿ ನಿಲ್ತದೆ, ವೇಗ 2.7 ಬಿಟ್ಟು ಅಲ್ಲಾಡೋದಿಲ್ಲ. ಒಂದು ಗಂಟೆಯ ವಿಡಿಯೋ ಸುಮಾರು ಎರಡೂವರೆ ಗಂಟೆಗೆ ಮುಗೀತು. ಎಚ್.264ನಲ್ಲಿ ತೆಗೆದ ವಿಡಿಯೋ ಎಡಿಟ್ ಮಾಡುವಾಗಲೂ ಸರಾಗ ಓಡ್ತದೆ.

ಇನ್ನು ಐ5 ಬೇಕಾ, ಹೀಗೇ ಇರಲಾ?

ಬೆಸುಗೆಕಡ್ಡಿ, ಶಿವಮೊಗ್ಗ:

ಮೊದಲ ದುಡ್ಡು ಎಸ್‌ಎಸ್‌ಡಿಗೆ (ತಿರುಗುವ ತಟ್ಟೆ ಇಲ್ಲದ, ಚಿಪ್ಪಿನ ಡಿಸ್ಕ್) ಹಾಕಿ, 240 ಅಥವಾ 256 ಜಿಬಿ ಸಾಕು, ವಿಡಿಯೋಗಳು ಹಳೇ ಹಾರ್ಡ್ ಡಿಸ್ಕಿನಲ್ಲೇ ಇರಲಿ. ಎಚ್61ನಲ್ಲಿ ಡಿಸ್ಕ್ ಜೋಡಿಸುವ ಸಾಟಾ ಸಂಪರ್ಕದ ವೇಗ ಸೆಕೆಂಡಿಗೆ 3 ಗಿಗಾಬಿಟ್ ಮಾತ್ರ, ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗಲ್ಲ ಅಂತ ಯಾರಾದರೂ ಹೇಳಬಹುದು. ಅದು ನಿಜ, ಆದರೆ ನಿಮಗೆ ಬೇಕಿರೋದು ಸಾವಿರಾರು ಸಣ್ಣ ಸಣ್ಣ ಫೈಲು ಕೂಡಲೇ ಸಿಗೋದು, ಅದರಲ್ಲಿ ಹಾರ್ಡ್ ಡಿಸ್ಕಿಗೂ ಎಸ್‌ಎಸ್‌ಡಿಗೂ ಹೋಲಿಕೆಯೇ ಇಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡುವ ಮೊದಲೇ ಬಯೋಸಿನಲ್ಲಿ ಸಾಟಾ ಮೋಡ್ ಎಎಚ್‌ಸಿಐ ಇದೆಯಾ ನೋಡಿಕೊಳ್ಳಿ. ಜೊತೆಗೆ ಇನ್ನೊಂದು 4 ಜಿಬಿ ಡಿಡಿಆರ್3 ಕಡ್ಡಿ ಹಾಕಿದರೆ ಎರಡು ಚಾನೆಲ್ ಸೇರಿ ಓಡುತ್ತೆ.

ಆಮೇಲೆ ಐ5. ನಿಮ್ಮ ಕೆಲಸಕ್ಕೆ ನಾನು ಬೇಡ ಅನ್ನಲ್ಲ. ಬರೀ ಪತ್ರ ಬರೆಯೋರಿಗೆ, ಪಹಣಿ ತೆಗೆಯೋರಿಗೆ ಆಗಿದ್ದರೆ ಎಸ್‌ಎಸ್‌ಡಿಗೇ ನಿಲ್ಲಿಸಿ ಅಂತಿದ್ದೆ. ನಿಮ್ಮದು ಗಂಟೆಗಟ್ಟಲೆ ಎನ್‌ಕೋಡಿಂಗ್, ಅಂದರೆ ಆ ಎಕ್ಸ್‌ಪೋರ್ಟ್ ಕೆಲಸ. ಅದು ಎಷ್ಟು ಕೋರ್ ಕೊಟ್ಟರೂ ಬಳಸಿಕೊಳ್ಳುತ್ತೆ. ಜಿ630ಗೆ ಎರಡು ಕೋರ್, 2.7 ಗಿಗಾಹರ್ಟ್ಸ್. ಐ5-3470ಗೆ ನಾಲ್ಕು ಕೋರ್, 3.2ರಿಂದ 3.6. ಮೇಲಾಗಿ ಆ ಪೆಂಟಿಯಂನಲ್ಲಿ ಎವಿಎಕ್ಸ್ (ಒಂದೇ ಸಲಕ್ಕೆ ಹಲವು ಲೆಕ್ಕ ಮಾಡುವ ಸೌಲಭ್ಯ) ಇಲ್ಲ, ಐ5ನಲ್ಲಿದೆ. ಎರಡೂವರೆ ಗಂಟೆಯದು ಒಂದು ಗಂಟೆಯ ಹತ್ತಿರ ಬರುತ್ತೆ. ಕರೆಂಟು ಯಾವಾಗ ಹೋಗುತ್ತೋ ಅನ್ನೋ ಊರಿನಲ್ಲಿ ಈ ವ್ಯತ್ಯಾಸ ದೊಡ್ಡದು.

ಕೊಳ್ಳುವಾಗ ಐ5 ಅನ್ನೋದನ್ನಷ್ಟೇ ನೋಡಬೇಡಿ. ನಿಮ್ಮದು 1155 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ). ನಂಬರ್ 2ರಿಂದ ಅಥವಾ 3ರಿಂದ ಶುರುವಾಗುವ ನಾಲ್ಕಂಕಿ ಇರಬೇಕು. 650, 760 ಥರದ ಮೂರಂಕಿಯವು 1156ಕ್ಕೆ, 4ರಿಂದ ಶುರುವಾಗೋದು 1150ಕ್ಕೆ, ಎರಡೂ ಇದರಲ್ಲಿ ಕೂರಲ್ಲ.

ಇನ್ನೊಂದು ಮುಖ್ಯ ವಿಷಯ ಬಯೋಸ್. ಎಚ್61 ಬಂದದ್ದು 2011ರಲ್ಲಿ, 3000 ಸಾಲಿನ ಪ್ರೊಸೆಸರುಗಳು 2012ರಲ್ಲಿ. ಬಯೋಸ್ ಹಳೇದಿದ್ದರೆ 3470 ಹಾಕಿದಾಗ ಪರದೆಯೇ ಬರಲ್ಲ. ಬೋರ್ಡ್ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿಯ ಪ್ರೊಸೆಸರ್ ಪಟ್ಟಿ ಇರುತ್ತೆ, ಯಾವ ಬಯೋಸ್ ಬೇಕು ಅಂತ ಅದರ ಎದುರಿಗೇ ಬರೆದಿರುತ್ತೆ. ಜಿ630 ಇರುವಾಗಲೇ ಅಪ್‌ಡೇಟ್ ಮಾಡಿ, ಆಮೇಲೆ ಬದಲಿಸಿ. ಅಪ್‌ಡೇಟ್ ಆಗುವಾಗ ಕರೆಂಟ್ ಹೋದರೆ ಬೋರ್ಡೇ ಸತ್ತ ಹಾಗೆ. ಗಾಳಿ ಮಳೆ ಹೊಡೆಯುವ ದಿನ ಮಾಡಲೇಬೇಡಿ, ಬ್ಯಾಟರಿ ಸರಿಯಿರುವ ಯುಪಿಎಸ್ ಇಲ್ಲದೆಯೂ ಮಾಡಬೇಡಿ. ನಿಮ್ಮಲ್ಲಿ ಯುಪಿಎಸ್ ಅನುಮಾನ ಇದ್ದರೆ ಶಿವಮೊಗ್ಗಕ್ಕೋ ಸಾಗರಕ್ಕೋ ತಂದು ಅಂಗಡಿಯಲ್ಲೇ ಮಾಡಿಸಿ. ಪಟ್ಟಿಯಲ್ಲಿ 3000 ಸಾಲು ಇಲ್ಲವೇ ಇಲ್ಲ ಅಂದರೆ ಐ5-2400 ತಗೊಳ್ಳಿ, ಕೂಲರ್ ಮಾತ್ರ ನಡುವೆ ತಾಮ್ರ ಇರುವ ದಪ್ಪದ್ದು ಹಾಕಿಸಿ.

1155ರಲ್ಲಿ ಪಿನ್ ಇರೋದು ಬೋರ್ಡಿನಲ್ಲಿ, ಪ್ರೊಸೆಸರಿನಲ್ಲಲ್ಲ. ಬದಲಿಸುವಾಗ ಬೆರಳು ತಾಗಿ ಒಂದು ಪಿನ್ ಬಗ್ಗಿದರೂ ಕಷ್ಟ.

ಅಡಿಕೆಸೋಗೆ, ಸಾಗರ:

ನಾನು ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸ್ತೇನೆ. ಎಸ್‌ಎಸ್‌ಡಿ ಮುಂದೆ ಯಾವ ಕಂಪ್ಯೂಟರಿಗೆ ಬೇಕಾದರೂ ಹೋಗ್ತದೆ, ಅದು ನಷ್ಟ ಅಲ್ಲ. ಈ ಬೋರ್ಡಿಗೇ ಅಂತ ಹಾಕುವ ದುಡ್ಡು ಐ5, ರ‍್ಯಾಮ್ ಎರಡೇ. ಅಲ್ಲಿಗೆ ನಿಲ್ಲಿಸಿ. ಇದರ ಮೇಲೆ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಡಬ್ಬಿ), ಗ್ರಾಫಿಕ್ಸ್ ಕಾರ್ಡ್ ಅಂತ ಯಾರಾದರೂ ಹೇಳಿದರೆ ಆಗ ಬೇರೆ ಯಂತ್ರ ನೋಡಿ. ಬೋರ್ಡಿನ ಮೇಲಿನ ಕೆಪಾಸಿಟರ್ ತಲೆ ಉಬ್ಬಿದೆಯಾ ಅನ್ನೋದನ್ನೂ ಒಮ್ಮೆ ನೋಡಿ, ಉಬ್ಬಿದ್ದರೆ ಐ5 ಕೂಡ ಬೇಡ.

ವಿಂಡೋಸ್ 10 ಬಿಡಬೇಕಲ್ಲ, ಎಸ್‌ಎಸ್‌ಡಿಗೆ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ. ಶಾಟ್‌ಕಟ್, ಧ್ವನಿ ಸರಿಮಾಡುವ ಆಡಾಸಿಟಿ ಎರಡೂ ಅದರಲ್ಲಿ ನಡೀತವೆ. ಹೆಸರು ಟೈಪ್ ಮಾಡಲಿಕ್ಕೆ ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶದಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸ ಇದೆ, ನುಡಿ ಕೀಲಿಮಣೆ ಅಭ್ಯಾಸ ಇದ್ದವರಿಗೆ ಕಷ್ಟ ಆಗೋದಿಲ್ಲ.

ಮಳೆಕಾಡು, ಹೊಸನಗರ ತಾಲೂಕು:

ಕೆಪಾಸಿಟರ್ ಎಲ್ಲ ಚಪ್ಪಟೆಯಾಗೇ ಇದ್ದಾವೆ. ಪಟ್ಟಿಯಲ್ಲಿ 3470 ಇದೆ, ಆದರೆ ನನ್ನದಕ್ಕಿಂತ ಹೊಸ ಬಯೋಸ್ ಬೇಕು ಅಂತ ಇದೆ. ಎಸ್‌ಎಸ್‌ಡಿ, ರ‍್ಯಾಮ್ ಈಗಲೇ ತರಿಸ್ತೇನೆ. ಯುಪಿಎಸ್ ಬ್ಯಾಟರಿ ಹೋಗಿದೆ, ಹಾಗಾಗಿ ಬಯೋಸ್ ಮತ್ತು ಐ5 ಕೆಲಸ ಸಾಗರದಲ್ಲೇ ಮಾಡಿಸ್ತೇನೆ. ಪೇಟೆಯ ಅಂಗಡಿಯವರ ಹತ್ತಿರ 3470 ಇದೆಯಾ ಅಂತ ನಂಬರ್ ಹೇಳಿ ಕೇಳಿದೆ, ಅವರಲ್ಲಿ ಇರೋದು 4 ಸಾಲಿನದ್ದಂತೆ. ನೀವು ಹೇಳದೇ ಇದ್ದಿದ್ದರೆ ಅದನ್ನೇ ತರ್ತಿದ್ದೆ.

ಕಾಫಿಗಿಡ, ಕೊಪ್ಪ:

ನಡುವೆ ಬಾಯಿ ಹಾಕ್ತಿದ್ದೇನೆ, ಬೇಸರ ಮಾಡ್ಕೋಬೇಡಿ. ನನ್ನದು ಇನ್ನೂ ಹಳೇದು, ಜಿ41 ಬೋರ್ಡ್, ಕೋರ್ 2 ಡುವೋ ಇ7500, 2 ಜಿಬಿ ಡಿಡಿಆರ್3. ಕೋರ್ 2 ಕ್ವಾಡ್ ಹಾಕಬಹುದಾ? ಮಗಳ ಓದಿಗೆ, ಅಷ್ಟೇ.

ಬೆಸುಗೆಕಡ್ಡಿ, ಶಿವಮೊಗ್ಗ:

ಕೂರುತ್ತೆ, ಬೋರ್ಡ್ 95 ವ್ಯಾಟ್ ತಾಳುತ್ತೆ ಅಂತ ಪಟ್ಟಿಯಲ್ಲಿದ್ದರೆ. ಆದರೆ ನಿಮಗೆ ಬೇಡ ಅಂತೀನಿ. ಓದಿಗೆ, ಪಾಠದ ವಿಡಿಯೋಗೆ ಎಸ್‌ಎಸ್‌ಡಿ ಮತ್ತು ರ‍್ಯಾಮ್ ಕೊಡುವಷ್ಟು ಬದಲಾವಣೆ ಕ್ವಾಡ್ ಕೊಡಲ್ಲ. ರ‍್ಯಾಮ್ ಕೊಳ್ಳುವಾಗ ಒಂದು ಎಚ್ಚರ ಇರಲಿ. 4 ಜಿಬಿ ಕಡ್ಡಿಯ ಎರಡೂ ಬದಿಗೆ ಎಂಟೆಂಟು ಚಿಪ್, ಒಟ್ಟು ಹದಿನಾರು ಇರಬೇಕು. ಒಂದೇ ಬದಿಗೆ ಚಿಪ್ ಇರುವ 4 ಜಿಬಿ ಕಡ್ಡಿಯನ್ನು ಜಿ41 ಸರಿಯಾಗಿ ಗುರುತಿಸಲ್ಲ. ಅಂಗಡಿಯಲ್ಲಿ ಕೈಯಲ್ಲಿ ತಗೊಂಡು ಎಣಿಸಿಯೇ ದುಡ್ಡು ಕೊಡಿ.