ಹಾಲು-ಸಕ್ಕರಿ ಇಲ್ಲದ ಜಪಾನಿ ಚಹಾ: ರುಚಿ ಹತ್ತಿಸ್ಕೊಳ್ಳೋದು ಹೆಂಗ?

ಉದ್ಯಮಬಾಗ_ಲೇತ್ (ಬೆಳಗಾವಿ):
ನಮಸ್ಕಾರ್ರಿ ಎಲ್ಲಾರಿಗೂ. ಒಂದ್ ವರ್ಷದ ತರಬೇತಿಗೆ ಜಪಾನಿನ ನಾಗೋಯಾ ಕಡೆ ಹೋಗೋದೈತಿ, ಹೊರಡಾಕ ಇನ್ನೂ ಐದ್ ವಾರ ಐತಿ. ಅಲ್ಲಿ ಮೀಟಿಂಗ್ ಇರ್ಲಿ, ಊಟ ಇರ್ಲಿ, ಹಸಿರು ಚಹಾನ ಮುಂದ ಇಡ್ತಾರಂತ. ಹಾಲಿಲ್ಲ, ಸಕ್ಕರಿ ಇಲ್ಲ. ಇಲ್ಲಿ ಕಿರಾಣಿ ಅಂಗಡ್ಯಾಗಿನ ಗ್ರೀನ್ ಟೀ ಬ್ಯಾಗ್ ಕುದಿಯೋ ನೀರಿನ್ಯಾಗ ಐದ್ ನಿಮಿಷ ಇಟ್ರ ಬೇವಿನ ಕಷಾಯ ಆಗ್ತೈತಿ. ದಿನಕ್ಕ ನಾಕ್ ಸಲ ಖಡಕ್ ಚಹಾ ಕುಡಿಯೋ ಬಾಯಿಗೆ ಇದರ ರುಚಿ ಹತ್ತಬೇಕಂದ್ರ ಇಲ್ಲೇ ಏನ್ ರೂಢಿ ಮಾಡ್ಕೋಬೇಕು, ಅಲ್ಲಿ ಹೋದ್ಮ್ಯಾಲೆ ಯಾವುದರಿಂದ ಶುರು ಮಾಡಬೇಕು? ತೂಕ ಇಳಿತೈತಿ, ಮುಪ್ಪು ಬರೂದಿಲ್ಲ ಅನ್ನೋ ಉಪದೇಶ ಬ್ಯಾಡ್ರಿ, ಕುಡಿಯೋ ಹಾದಿ ಹೇಳ್ರಿ.

ಇಂಡಿ_ನಿಂಬಿ (ವಿಜಯಪುರ):
ತಪ್ಪು ನಿಮ್ಮ ಪ್ರಶ್ನೆದಾಗೇ ಅದರಿ: ಕುದಿಯೋ ನೀರು, ಐದ್ ನಿಮಿಷ. ನಮ್ಮ ಚಹಾದ ಲೆಕ್ಕ ಹಸಿರು ಎಲಿಗಿ ನಡಿಯೂದಿಲ್ಲ.

ನಮ್ಮ ಚಹಾಪುಡಿ ಸಿಟಿಸಿ. ಎಲಿ ಜಜ್ಜಿ, ಹರದು, ಉಂಡಿ ಮಾಡಿ, ಗಾಳಿಗಿ ಬಿಟ್ಟು ಪೂರ್ತಿ ಕಪ್ಪಾಗಿಸಿದ್ದು. ಅದನ್ನ ಗದಗದ ಕುದಿಸಿದ್ರೂ ಬಾಯಿ ಹಿಡಿಯೂದಿಲ್ಲ, ಯಾಕಂದ್ರ ಅದರ ಒಗರನ್ನ ಹಾಲಿನಾಗಿರೋ ಕೇಸೀನ್ ಪ್ರೋಟೀನ್ ಹಿಡದಿಟ್ಕೋತದ. ಜಪಾನಿನ ಹಸಿರು ಚಹಾ, ಸೆಂಚಾ ಅಂತಾರ, ಅದು ಹಂಗಲ್ಲ. ಎಲಿ ಕಿತ್ತ ಮ್ಯಾಲ ತಡ ಮಾಡದ ಹಬಿಯಾಗ ಬೇಯಿಸಿ, ಕಪ್ಪಾಗೂದನ್ನ ತಡದು, ಉಜ್ಜಿ ಸುರುಳಿ ಮಾಡಿ ಒಣಗಸ್ತಾರ. ಅದರಾಗ ಥಿಯಾನಿನ್ ಅನ್ನೋ ಅಂಶ ಅದ, ಬ್ಯಾಳಿ ಕಟ್ಟಿನಾಗ ಸಿಗೂವಂಥ ತುಂಬು ರುಚಿ ಕೊಡ್ತದ, ಬರೇ ಬೆಚ್ಚನ್ ನೀರಿನಾಗೂ ಇಳೀತದ. ಕ್ಯಾಟೆಚಿನ್ ಅನ್ನೋದು ಕಹಿ ಮತ್ತ ಒಗರು, ಅದಕ್ಕ ಬಿಸಿ ಹೆಚ್ಚಾದಂಗ ಕಾಲು ಬರ್ತಾವ. ಕೆಫೀನೂ ಅಷ್ಟೇ. ಕುದಿಯೋ ನೀರು ಹಾಕಿದ್ರ ಕಹಿಗಿ ಮೊದಲ ಪಂಕ್ತಿಯಾಗ ಎಲಿ ಹಾಕಿದಂಗಾತು.

ಇಬ್ಬರಿಗಿ ಸೆಂಚಾ ಮಾಡೂದಾದ್ರ ಎಲಿ 5 ಗ್ರಾಂ (ಸಣ್ಣ ಚಮಚದಲೆ ಎರಡು), ನೀರು 180-200 ಮಿ.ಲೀ., ಬಿಸಿ 70-80 ಡಿಗ್ರಿ, ಹೊತ್ತು 60-90 ಸೆಕೆಂಡ್. ಥರ್ಮಾಮೀಟರ್ ಬೇಕಾಗಿಲ್ಲ. ಕುದ್ದ ನೀರನ್ನ ಖಾಲಿ ತಣ್ಣನ್ ಕಪ್ಪಿಗಿ ಒಮ್ಮಿ ಸುರುವಿದ್ರ ಸುಮಾರು 10 ಡಿಗ್ರಿ ಇಳೀತದ. ಎರಡು ಸರ್ತಿ ಬದಲಿ ಮಾಡಿದ್ರ 80, ಮೂರು ಸರ್ತಿಗಿ 70. ಬಸಿಯೂವಾಗ ಎರಡೂ ಕಪ್ಪಿಗಿ ಸ್ವಲ್ಪ ಸ್ವಲ್ಪ ಪಾಳಿ ಮ್ಯಾಲ ಹಾಕ್ರಿ, ಇಲ್ಲಂದ್ರ ಮೊದಲ ಕಪ್ಪು ನೀರು, ಎರಡನೇದು ಕಷಾಯ. ಕಡೀ ಹನಿ ತನಕ ಇಳಿಸ್ಬೇಕು. ಪಾಟಿನಾಗ ನೀರು ನಿಂತ್ರ ಎಲಿ ನೆನೀತಾ ಹೋಗಿ ಎರಡನೇ ಸರ್ತಿ ಕೆಡ್ತದ. ಚಮಚದಲೆ ಒತ್ತಬ್ಯಾಡ್ರಿ, ಬಟ್ಟಿಯಾಗ ಹಿಂಡಬ್ಯಾಡ್ರಿ. ಎರಡನೇ ಸರ್ತಿ ನೀರು ಸ್ವಲ್ಪ ಹೆಚ್ಚು ಬಿಸಿ ಇರ್ಲಿ, 10-15 ಸೆಕೆಂಡ್ ಸಾಕು, ಎಲಿ ಆಗಲೇ ಬಿಚ್ಚಿರ್ತದ.

ಅಂಗಡ್ಯಾಗ "ಫುಕಾಮುಶಿ" ಅಂತ ಕೇಳಿ ತಗೋರಿ. ಹೆಚ್ಚು ಹೊತ್ತು ಹಬಿ ಕೊಟ್ಟ ಸೆಂಚಾ ಅದು, ಶಿಝುವೊಕಾ ಕಡೆ ಬಾಳ. ಬಣ್ಣ ಗಾಢ, ಒಗರು ಕಮ್ಮಿ, ಹೊಸಬರ ಬಾಯಿಗಿ ಮೆತ್ತಗ. ಆದ್ರ ಎಲಿ ಪುಡಿಪುಡಿ ಇರ್ತದ, 30-45 ಸೆಕೆಂಡಿಗೇ ಬಸೀಬೇಕು, ಜಾಳಿಗಿ ಸಣ್ಣದಿರ್ಬೇಕು.

ಇಲ್ಲಿ ರೂಢಿ ಮಾಡೂವಾಗ ಬೋರಿನ ಗಡಸು ನೀರು ಬಳಸಬ್ಯಾಡ್ರಿ. ಸುಣ್ಣ ಇದ್ದ ನೀರಿನಾಗ ಚಹಾದ ಮ್ಯಾಲ ತೆಳ್ಳನ್ ಪದರ ಕಟ್ತದ, ಬಣ್ಣ ಮಬ್ಬಾಗ್ತದ, ರುಚಿ ಸತ್ತುಹೋಗ್ತದ. ಜಪಾನಿನ ನೀರು ಬಾಳಷ್ಟು ಕಡೆ ಮೆದು.

ಪಂಚಮಿ_ಅಳ್ಳು (ಅಮೀನಗಡ):
ಇಂಡಿಯವ್ರು ಹೇಳಿದ್ದು ಖರೆ, ಆದ್ರ ಸೆಂಚಾದಿಂದ ಶುರು ಮಾಡೋದು ಅಂದ್ರ ಈಜು ಬರಲಾರದವರನ್ನ ಹೊಳಿಗೆ ನೂಕಿದಂಗರಿ. ಹುಲ್ಲಿನ ವಾಸನಿ, ಪಾಲಕ್ ಬೇಯಿಸಿದ ನೀರಿನ ರುಚಿ, ಹಾಲಿನ ಚಹಾದ ಬಾಯಿಗೆ ಅದು ಬಾಳ ದೂರ. ಹುರಿದ ವಾಸನಿ ಇರೋದರಿಂದ ಶುರು ಮಾಡ್ರಿ, ಅದು ನಮಗ ಹುಟ್ಟಿದಾಗಿಂದ ಗೊತ್ತು.

ಮೊದಲ ಮುಗಿಚಾ. ಇದು ಚಹಾನ ಅಲ್ಲ, ಹುರಿದ ಜವೆಗೋಧಿ ನೀರು. ಕೆಫೀನ್ ಇಲ್ಲ, ಕಹಿ ಕಮ್ಮಿ, ಬ್ಯಾಸಿಗ್ಯಾಗ ಅಲ್ಲಿ ಮನಿಮನಿ ಫ್ರಿಜ್ಜಿನ್ಯಾಗ ಇರ್ತೈತಿ. ಒಂದ್ ಲೀಟರ್ ತಣ್ಣೀರಿಗೆ 10 ಗ್ರಾಮಿನ ಒಂದ್ ಚೀಲ, ಫ್ರಿಜ್ಜಿನ್ಯಾಗ ಎರಡು ತಾಸು, ಆಮ್ಯಾಲೆ ಚೀಲ ತಗೀಬೇಕು. ಬಿಟ್ರ ಮಡ್ಡಿ ಆಗ್ತೈತಿ. ಧಾನ್ಯದ ನೀರು, ಬೇಗ ಹಳಸ್ತೈತಿ, ಎರಡ್ ದಿನದಾಗ ಮುಗಿಸ್ರಿ. ಗೋಧಿ ಒಗ್ಗದವರಿಗೆ ಇದೂ ಒಗ್ಗಲಿಕ್ಕಿಲ್ಲ.

ಆಮ್ಯಾಲೆ ಗೆನ್ಮೈಚಾ: ಹಸಿರು ಎಲಿ ಜೋಡಿ ಹುರಿದ ಅಕ್ಕಿ. ಅದರಾಗ ಅಲ್ಲಲ್ಲಿ ಅರಳಿದ ಕಾಳು ಥೇಟ್ ಪಂಚಮಿ ಅಳ್ಳಿನಂಗ ಕಾಣ್ತಾವ, ವಾಸನಿನೂ ಅದೇ ಮನಿದು. ಇದಕ್ಕ ಕುದಿಯೋ ನೀರು ನಡೀತೈತಿ, 30 ಸೆಕೆಂಡ್. ಮೂರನೇದು ಹೋಜಿಚಾ, ಎಲಿನ ಹುರಿದು ಕಂದು ಮಾಡಿದ್ದು, ಇದಕ್ಕೂ ಕುದಿಯೋ ನೀರು, 30 ಸೆಕೆಂಡ್. ಹುರಿದಾಗ ಒಗರು ಇಳದಿರ್ತೈತಿ, ಹಂಗಾಗಿ ಕೈ ತಪ್ಪಿದ್ರೂ ಕೆಡೂದು ಕಮ್ಮಿ. ಸೆಂಚಾ ನಾಕನೇದು. ಒಂದೊಂದಕ್ಕ ಎಂಟ್-ಹತ್ತು ದಿನ ಕೊಡ್ರಿ. ನಾಲಿಗಿ ಹೊಸ ರುಚಿ ಒಪ್ಪೋದು ಒಂದ್ ಸಲಕ್ಕಲ್ಲ, ಅದೇ ರುಚಿ ಮತ್ತ ಮತ್ತ, ಸ್ವಲ್ಪ ಸ್ವಲ್ಪ ಬಂದಾಗ. ಹಟ ಹಿಡದು ಒಂದ ದಿನ ಮೂರ್ ಕಪ್ ಸುರುವಿದ್ರ ಆ ವಾಸನಿಗೇ ವಾಕರಿಕಿ ಕೂಡ್ತೈತಿ, ಅದನ್ನ ಬಿಡಿಸೋದು ಕಷ್ಟ.

ಇಲ್ಲಿ ಐದ್ ವಾರದಾಗ ಮಾಡೋ ಕೆಲಸ ಎರಡ. ಸಕ್ಕರಿ ಇಳಿಸೋದು: ಕಪ್ಪಿಗೆ ಎರಡ್ ಚಮಚ ಹಾಕೋರು ನಾಕ್ ದಿನಕ್ಕ ಕಾಲ್ ಚಮಚ ಕಮ್ಮಿ ಮಾಡಿದ್ರ 32 ದಿನಕ್ಕ ಸೊನ್ನಿ. ಒಮ್ಮಿಗೇ ಬಿಟ್ರ ಮೂರನೇ ದಿನ ಮತ್ತ ಎರಡ್ ಚಮಚ. ಇನ್ನೊಂದು, ಮನ್ಯಾಗ ಮುಗಿಚಾ ಮಾಡೋದು: ಜವೆಗೋಧಿ 25 ಗ್ರಾಂ, ಕಬ್ಬಿಣದ ಹಂಚು, ಸಣ್ಣ ಉರಿ, 12-15 ನಿಮಿಷ ಕೈ ಬಿಡದ ಆಡಿಸ್ತಾ ಕಾಫಿಬೀಜದ ಬಣ್ಣ ಬರೋತನ ಹುರೀರಿ. ಒಂದ್ ಲೀಟರ್ ನೀರಿನ್ಯಾಗ 10 ನಿಮಿಷ ಕುದಿಸಿ, ಆರಿಸಿ, ಸೋಸ್ರಿ. ಉರಿ ಜೋರಾದ್ರ ಮ್ಯಾಲ ಕರ್ರಗ, ಒಳಗ ಹಸಿ, ನೀರು ಸುಟ್ಟ ರೊಟ್ಟಿ ನಾರ್ತೈತಿ.

ಗೋಕಾಕ_ಜಲಪಾತ:
ಇಷ್ಟೆಲ್ಲಾ ಯಾಕ ಬೇಕ್ರಿ, ಮಾಚಾ (ಹಸಿರು ಚಹಾ ಎಲಿಯ ನುಣ್ಣನ್ ಪುಡಿ) ಲಾಟೆ ಕುಡದ್ರ ಆತು. ಹಾಲೂ ಐತಿ, ಸಕ್ಕರಿನೂ ಐತಿ.

ಪಂಚಮಿ_ಅಳ್ಳು (ಅಮೀನಗಡ):
ಗೋಕಾಕದವ್ರ, ಅದರಿಂದ ಹಾಲು-ಸಕ್ಕರಿ ರುಚಿ ಹತ್ತತೈತಿ, ಅದು ಮೊದಲ ಹತ್ತಿದ್ದ ಐತಿ. ಸಕ್ಕರಿ ಕಪ್ಪಿನ್ಯಾಗ ಬ್ಯಾಡ, ಬಾಜೂಕ ಇರ್ಲಿ. ಜಪಾನದವ್ರು ಮಾಚಾ ಕೊಡೋ ಪದ್ಧತಿನೂ ಇದ: ಮೊದಲ ಸಿಹಿ ತಿನ್ನೋದು, ಬಾಯಾಗ ಅದರ ರುಚಿ ಇರೋವಾಗ ಕಹಿ ಕುಡಿಯೋದು. ಅವರ ಸಿಹಿ ತಿಂಡಿ ಒಳಗ ಅಜುಕಿ ಅನ್ನೋ ಕೆಂಪು ಕಾಳಿನ ಹೂರಣ ಇರ್ತೈತಿ, ಹೋಳಿಗಿ ತಿಂದವರಿಗೆ ಪರಿಚಯ ಬೇಕಾಗಿಲ್ಲ. ಊರಿಂದ ಕರದಂಟು ಒಯ್ದಿದ್ರ ಬೆರಳಿನ ಉಗುರಿನಷ್ಟ ತುಂಡು ಸಾಕು.

ಮಾಚಾ ಬಟ್ಟಲಕ್ಕ 2 ಗ್ರಾಂ, ನೀರು 70-80 ಮಿ.ಲೀ., 80 ಡಿಗ್ರಿ. ಪುಡಿ ಮೊದಲ ಸಣ್ಣ ಜಾಳಿಗ್ಯಾಗ ಜರಡಿ ಹಿಡೀರಿ, ಇಲ್ಲಂದ್ರ ಗಂಟು ಒಡಿಯೂದಿಲ್ಲ, ಕಡೀಕ ಆ ಗಂಟು ಬಾಯಾಗ ಒಡದು ಇಡೀ ಬಟ್ಟಲದ ಹೆಸರು ಕೆಡಸ್ತೈತಿ. ಬಿದಿರಿನ ಕುಂಚ ಬಿಸಿನೀರಿನ್ಯಾಗ ನೆನಸಿ, ಹಿಂದ-ಮುಂದ ಚುರುಕಾಗಿ 15-20 ಸೆಕೆಂಡ್ ಆಡಿಸ್ರಿ. ಮಜ್ಜಿಗಿ ಕಡಿದಂಗ ಗುಂಡಗ ತಿರುವಿದ್ರ ನೊರಿ ಬರೂದಿಲ್ಲ. ಎಲಿನ ಪುಡಿ ಸಮೇತ ಹೊಟ್ಟಿಗೆ ಹೋಗ್ತೈತಿ, ಖಾಲಿ ಹೊಟ್ಟ್ಯಾಗ ಕುಡದ್ರ ಹೊಟ್ಟಿ ತೊಳಸ್ತೈತಿ. ನಾಗೋಯಾ ಇರೋ ಐಚಿ ಪ್ರಾಂತದಾಗೇ ನಿಶಿಯೋ ಅನ್ನೋ ಊರು ಮಾಚಾಕ್ಕ ಹೆಸರುವಾಸಿ, ಅಲ್ಲೀದ ತಗೋರಿ.

ಉದ್ಯಮಬಾಗ_ಲೇತ್ (ಬೆಳಗಾವಿ):
ಬಾಳ ಛಲೋ ಆತ್ರಿ. ಒಂದ್ ಸಂಶಯ: ಕಾರ್ಖಾನ್ಯಾಗ ಪಾಟು ನಮ್ಮ ಕೈಯಾಗ ಇರೂದಿಲ್ಲಲ್ಲ, ಅವರು ಮಾಡಿದ್ದನ್ನ ಕುಡೀಬೇಕು. ಮತ್ತ ಮಶೀನಿನ ಬಾಟ್ಲಿ-ಡಬ್ಬಿ ಗುರುತು ಹಿಡಿಯೋದು ಹೆಂಗ? ದಾರು ಬ್ಯಾಡ, ಮೀನಿನ ರಸ ಬ್ಯಾಡ.

ಇಂಡಿ_ನಿಂಬಿ (ವಿಜಯಪುರ):
ಮಶೀನಿನಾಗ ಬೆಲಿಪಟ್ಟಿ ಕೆಂಪಿದ್ರ ಬಿಸಿ, ನೀಲಿ ಇದ್ರ ತಣ್ಣಗ. ಬಾಟ್ಲಿ ಮ್ಯಾಲ "ಮುತೋ" ಅಂದ್ರ ಸಕ್ಕರಿ ಇಲ್ಲ, "ಬಿತೋ" ಅಂದ್ರ ಸ್ವಲ್ಪ ಅದ. ಈ ಶಬ್ದಗಳ ಜಪಾನಿ ಅಕ್ಷರ ಫೋನಿನಾಗ ಫೋಟೋ ಇಟ್ಕೋರಿ, ಓದಾಕ ಕಲಿಯೂದಕಿಂತ ಆಕಾರ ನೆನಪಿಡೂದು ಸಲೀಸು. ಬಾಟ್ಲಿ ಹಸಿರು ಚಹಾ ತಣ್ಣಗಿದ್ದಾಗ ಕುಡೀರಿ, ತಂಪಿನಾಗ ಕಹಿ ಅಷ್ಟು ಎದ್ದು ಕಾಣೂದಿಲ್ಲ.

ದಾರು ವಿಷಯದಾಗ ಹುಷಾರಿ ಬೇಕ್ರಿ. "ಚೂಹೈ" ಅನ್ನೋ ಡಬ್ಬಿ ಮ್ಯಾಲ ನಿಂಬಿಹಣ್ಣಿನ ಚಿತ್ರ, ನೋಡಾಕ ಥೇಟ್ ಸೋಡಾ, ಒಳಗ ಮದ್ಯ. ಅಂಥ ಡಬ್ಬಿ ಮ್ಯಾಲ "ಓಸಾಕೆ" (ಮದ್ಯ) ಅಂತ ಗುರುತು ಇರ್ತದ. ಬರೇ ಶೇಕಡಾ ಅಂಕಿ ನೋಡಿ ನಿರ್ಧಾರ ಮಾಡಬ್ಯಾಡ್ರಿ, ಹಣ್ಣಿನ ರಸ ಎಷ್ಟದ ಅನ್ನೂದನ್ನೂ ಶೇಕಡಾದಾಗೇ ಬರದಿರ್ತಾರ. "ಅಮಜಾಕೆ" ಎರಡು ಥರ: ಅಕ್ಕಿಗಿ ಕೋಜಿ ಬೂಷ್ಟು ಹಾಕಿ ಮಾಡಿದ್ದು ಗಂಜಿ ಥರ ಸಿಹಿ, ಮದ್ಯ ಇಲ್ಲ. ಸಾಕೆ ಅನ್ನೋ ಅಕ್ಕಿ ಮದ್ಯ ಹಿಂಡಿದ ಚರಟದಿಂದ ಮಾಡಿದ್ದರಾಗ ಸ್ವಲ್ಪ ಇರ್ತದ. "ಕೊಂಬುಚಾ" ಅಂದ್ರ ನಮ್ಮ ಕಡೆ ಈಗ ಮಾರೋ ಹುಳಿ ಪಾನೀಯ ಅಲ್ಲ, ಅಲ್ಲಿ ಅದು ಸಮುದ್ರದ ಪಾಚಿಯ ಉಪ್ಪುಪ್ಪು ಬಿಸಿನೀರು. ಮೀನಿನ ಚಿಂತಿ ಚಹಾದಾಗಲ್ಲ, ಸೂಪಿನಾಗ. ಮೀಸೊ ಸೂಪಿಗಿ ಸಾಮಾನ್ಯ ಮೀನಿನ ಕಟ್ಟೇ ಹಾಕ್ತಾರ.

ಅವರು ಮಾಡಿಕೊಟ್ಟ ಚಹಾ ಒಗರು ಅನಿಸಿದ್ರ ಅನ್ನದ ಜೋಡಿ ಕುಡೀರಿ, ಒಂದ ಗುಟುಕಿನಾಗ ಮುಗಿಸೂದು ಬ್ಯಾಡ. ತಿರಗೋ ಪಟ್ಟಿಯ ಸುಶಿ ಹೋಟೆಲಿಗಿ ಕರಕೊಂಡು ಹೋದ್ರ ಮೇಜಿನ ಮ್ಯಾಲ ಹಸಿರು ಪುಡಿ ಡಬ್ಬಿ, ಬಾಜೂಕ ಒಂದ್ ನಲ್ಲಿ ಇರ್ತದ. ಅರ್ಧ ಸಣ್ಣ ಚಮಚ ಪುಡಿ, ಮ್ಯಾಲ ನಲ್ಲಿ ನೀರು. ಆ ನಲ್ಲಿ ಕೈ ತೊಳಿಯೂದಕ್ಕಲ್ಲ, ಸುಡೂ ನೀರದು!

ಖಾನಾಪುರ_ಮಳಿ:
ವಿಷಯ ಜಪಾನಿನದು ಗೊತ್ತು, ಆದರೆ ಜರ್ಮನಿಗೆ ಹೋಗುವವರೂ ಇದನ್ನು ಓದಬಹುದು ಅಂತ ಎರಡು ಮಾತು. ಅಲ್ಲಿ ಹೋಟೆಲಿನಲ್ಲಿ ಬರೀ "ನೀರು" ಅಂದರೆ ಹೆಚ್ಚಾಗಿ ಗ್ಯಾಸ್ ನೀರೇ ಬರುತ್ತದೆ. ಅದರ ಚುರುಕು ಬರೀ ಗುಳ್ಳೆಯದಲ್ಲ, ಇಂಗಾಲದ ಡೈಆಕ್ಸೈಡ್ ನಾಲಿಗೆ ಮೇಲೆ ಆಮ್ಲವಾಗಿ ಹುಳಿ ಎನ್ನಿಸುತ್ತದೆ. ಬಾಟ್ಲಿಯಲ್ಲಿ "ಕ್ಲಾಸಿಕ್" ಜೋರು, "ಮೀಡಿಯಂ" ನಡುವೆ, "ಸ್ಟಿಲ್" ನಮ್ಮ ನೀರು. ಮೀಡಿಯಂ ತಂದು ಅರ್ಧ ಲೋಟ ಸೇಬಿನ ರಸಕ್ಕೆ ಅರ್ಧ ಸೇರಿಸಿ ಶುರು ಮಾಡಿ (ಅಲ್ಲಿ ಅದನ್ನೇ ಆಪ್ಫೆಲ್‌ಶೋರ್ಲೆ ಅಂತ ಮಾರುತ್ತಾರೆ), ವಾರಕ್ಕೊಮ್ಮೆ ರಸ ಇಳಿಸುತ್ತಾ ಬನ್ನಿ. "ಆಲ್ಕೊಹೋಲ್‌ಫ್ರೈ" ಎಂದು ಬರೆದ ಬಿಯರಿನಲ್ಲಿ 0.5% ತನಕ ಮದ್ಯ ಇರಬಹುದು, ಪೂರ್ತಿ ಬೇಡ ಅನ್ನುವವರು 0.0% ನೋಡಿ. ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟ್ಲಿಗೆ 25 ಸೆಂಟ್ ಠೇವಣಿ, ಜಜ್ಜಿ ಎಸೆಯಬೇಡಿ, ಅಂಗಡಿಯ ಮಶೀನಿಗೆ ಹಾಕಿದರೆ ವಾಪಸ್.

ಪಂಚಮಿ_ಅಳ್ಳು (ಅಮೀನಗಡ):
ಒಂದ್ ಬಿಟ್ಟೋಗಿತ್ತು. ಚಹಾಪುಡಿ ಪಾಕೀಟು ಒಡದ ಮ್ಯಾಲ ಗಾಳಿ ಆಡದ ಡಬ್ಬ್ಯಾಗ ಹಾಕಿ ಒಂದ್ ತಿಂಗಳದಾಗ ಮುಗಿಸ್ರಿ. ಮಸಾಲಿ ಖಾರ, ಶೇಂಗಾ ಚಟ್ನಿ ಬಾಜೂಕ ಇಡಬ್ಯಾಡ್ರಿ, ಎಲಿ ವಾಸನಿ ಎಳಕೋತೈತಿ. ಒಡದ ಪಾಕೀಟು ಫ್ರಿಜ್ಜಿನ್ಯಾಗ ಇಟ್ಟು ತಗದು ಮಾಡಿದ್ರ ಪಸೆ ಕೂಡಿ ಎಲಿ ಸಾಯ್ತೈತಿ. ಉಪದೇಶ ಬ್ಯಾಡಂದ್ರಿ, ಆದ್ರೂ ಇಷ್ಟ ಕೇಳ್ರಿ: ಶಾಕಾಹಾರದವರಿಗೆ ಕಾಳು-ಪಲ್ಯದಿಂದ ಸಿಗೋ ಕಬ್ಬಿಣ ಊಟದ ಜೋಡಿ ಕುಡದ ಚಹಾ ತಡೀತೈತಿ. ರಕ್ತ ಕಮ್ಮಿ ಇದ್ದೋರು ಊಟಕ್ಕ ಮುಗಿಚಾ ಕುಡೀರಿ, ಹಸಿರು ಚಹಾ ಒಂದ್ ತಾಸು ಬಿಟ್ಟು.

ಉದ್ಯಮಬಾಗ_ಲೇತ್ (ಬೆಳಗಾವಿ):
ಇಡೀ ಜವೆಗೋಧಿ ಬೆಳಗಾವ್ಯಾಗ ಎಲ್ಲಿ ಸಿಗ್ತೈತ್ರಿ? ಶಾಪಿಂಗ್ ಮಾಲ್‌ನ್ಯಾಗ ಬೆಳ್ಳಗ ಪಾಲಿಶ್ ಮಾಡಿದ್ದ ಐತಿ.

ಪಂಚಮಿ_ಅಳ್ಳು (ಅಮೀನಗಡ):
ಪಾಲಿಶ್ ಮಾಡಿದ್ದು ನಡೀತೈತಿ, ಆದ್ರ ನೀರು ಗಂಜಿಯಂಗ ಮಬ್ಬಾಗ್ತೈತಿ. ರವಿವಾರ ಪೇಟಿ ಕಾಳಿನ ಅಂಗಡ್ಯಾಗ ಇಲ್ಲಾ ಗ್ರಂಧಿಗಿ ಅಂಗಡ್ಯಾಗ "ಜವ" ಅಂತ ಕೇಳ್ರಿ, ಮರಾಠಿ ಮಾತಾಡೋರು "ಸಾತು" ಅಂತಾರ. ಪೂಜಿ ಸಾಮಾನಿನ ಅಂಗಡ್ಯಾಗ ಹೋಮಕ್ಕ ಮಾರೋದೂ ಅದ. ಅದನ್ನ ತಂದ್ರ ಧೂಳು-ಹರಳು ಆರಿಸಿ, ಎರಡ್ ಸಲ ತೊಳದು, ನೆಳ್ಳಾಗ ಪೂರ್ತಿ ಒಣಗಿಸಿ ಹುರೀರಿ. ಹಸಿ ಇದ್ರ ಹಂಚಿನ್ಯಾಗ ಬೇಯ್ತೈತಿ, ಹುರಿಯೂದಿಲ್ಲ.